ಚಂದ್ರನ ಫೋಟೋಗೆ ಯಾವ ಕ್ಯಾಮೆರಾ: ನಿಕಾನ್ ಪಿ900 ಅಥವಾ ಕ್ಯಾನನ್ ಎಸ್‌ಎಕ್ಸ್70?

ಚಂದ್ರನೇ ಮುಖ್ಯ ಅಂದರೆ ನಾನು ಪಿ900 ಕಡೆಗೇ ವಾಲುತ್ತೇನೆ. ಅದರ ಜೂಮ್ 83 ಪಟ್ಟು, ಅಂದರೆ 2000 ಮಿ.ಮೀ. ಲೆನ್ಸಿಗೆ ಸಮ. ಚಂದ್ರ ಫ್ರೇಮಿನ ಎತ್ತರದ ಮುಕ್ಕಾಲು ಭಾಗದ ಹತ್ತಿರಕ್ಕೆ ಬರುತ್ತಾನೆ. ಎಸ್‌ಎಕ್ಸ್70ರಲ್ಲಿ 65 ಪಟ್ಟು, 1365 ಮಿ.ಮೀ. ಅಲ್ಲಿ ಚಂದ್ರ ಸುಮಾರು ಅರ್ಧದಷ್ಟೇ. ಕುಳಿಗಳನ್ನು ನೋಡುವಾಗ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ.

ಸಂಜೆಯ ಆಕಾಶಕ್ಕೆ ಬಂದರೆ ಲೆಕ್ಕ ಬೇರೆ. ಎಸ್‌ಎಕ್ಸ್70ರಲ್ಲಿ ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದ ಮೂಲ ಚಿತ್ರ) ಸಿಗುತ್ತದೆ, ಪಿ900ರಲ್ಲಿ ಬರೀ ಜೆಪೆಗ್. ಕಿತ್ತಳೆಯಿಂದ ನೀಲಿಗೆ ಜಾರುವ ಬಣ್ಣಗಳನ್ನು ಆಮೇಲೆ ತಿದ್ದಲು ರಾ ತುಂಬಾ ಸಹಾಯ ಮಾಡುತ್ತದೆ. ತೂಕವೂ ಕಡಿಮೆ: 610 ಗ್ರಾಂ. ಪಿ900 ಸುಮಾರು 900.

ಎರಡರ ಸೆನ್ಸರೂ (ಬೆಳಕು ಹಿಡಿಯುವ ಚಿಪ್) ಚಿಕ್ಕದು. ಹಾಗಾಗಿ ಕತ್ತಲಾದಂತೆ ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ) ಜಾಸ್ತಿ ಮಾಡಿದರೆ ಚಿತ್ರ ಕಾಳುಕಾಳಾಗುತ್ತದೆ. ಚಂದ್ರನಿಗೆ ಈ ತೊಂದರೆ ಇಲ್ಲ, ಅವನ ಮೇಲೆ ಬಿಸಿಲೇ ಬಿದ್ದಿರುತ್ತದೆ ಅಲ್ವಾ! ಐಎಸ್‌ಒ 100, ಎಫ್/6.5 (ಲೆನ್ಸಿನ ಕಿಂಡಿಯ ಅಳತೆ), ಶಟರ್ ವೇಗ ಸೆಕೆಂಡಿನ 125ನೇ ಒಂದು ಭಾಗದಿಂದ ಶುರು ಮಾಡಿ. ಬೆಳಕು ಜಾಸ್ತಿಯಾದರೆ ವೇಗ ಹೆಚ್ಚಿಸಿ. ಹುಣ್ಣಿಮೆಗಿಂತ ಅರ್ಧಚಂದ್ರನೇ ಒಳ್ಳೆಯದು. ಓರೆ ಬೆಳಕಿನಲ್ಲಿ ಕುಳಿಗಳ ನೆರಳು ಉದ್ದವಾಗಿ ಬೀಳುತ್ತದೆ. ಯಾವುದನ್ನೇ ಕೊಂಡರೂ ಗಟ್ಟಿ ಟ್ರೈಪಾಡ್‌ಗೆ ಸ್ವಲ್ಪ ಹಣ ಉಳಿಸಿಕೊಳ್ಳಿ, 2 ಸೆಕೆಂಡಿನ ಟೈಮರ್ ಬಳಸಿ.