ಪಂಚಗಂಗಾ ಸ್ಲೀಪರಲ್ಲಿ ಐದು ವರ್ಷ: ನನ್ನ ಅನುಭವ

ತಿಂಗಳಿಗೆ ಒಂದು ಸಲ, ಕೆಲವು ತಿಂಗಳು ಎರಡು ಸಲ, ಬೆಂಗಳೂರಿಂದ ಕುಂದಾಪುರಕ್ಕೆ ಪಂಚಗಂಗಾ ಎಕ್ಸ್‌ಪ್ರೆಸ್ಸಲ್ಲೇ ಹೋಗಿ ಬರ್ತಾ ಇದೀನಿ, ಹತ್ತಿರ ಹತ್ತಿರ ಐದು ವರ್ಷ ಆಯ್ತು, ಅದ್ರಲ್ಲಿ ಮುಕ್ಕಾಲು ಪಾಲು ಸ್ಲೀಪರಲ್ಲೇ. ಎಸಿಗೆ ದುಡ್ಡು ಕೊಡೋಕೆ ಆಗಲ್ಲ ಅಂತಲ್ಲ, ಈ ರೂಟಿಗೆ ಸ್ಲೀಪರೇ ಚೆಂದ ಅಂತ ನನ್ನ ಗಟ್ಟಿ ಅಭಿಪ್ರಾಯ. ಯಾಕೆ ಅಂತ ಹೇಳ್ತೀನಿ.

ಮೊದಲು ರೂಟ್. ಯಶವಂತಪುರದಿಂದ ನೆಲಮಂಗಲ, ಕುಣಿಗಲ್ ಮೇಲೆ ಹಾಸನಕ್ಕೆ ಹೋಗೋ ಲೈನು 2017ರಲ್ಲಿ ಪೂರ್ತಿ ಆಯ್ತು, ಅಲ್ಲಿವರೆಗೆ ಕರಾವಳಿ ಟ್ರೈನುಗಳು ಸುತ್ತು ಹಾಕಿಯೇ ಹೋಗ್ಬೇಕಿತ್ತು. ಇನ್ನೊಂದು ದೊಡ್ಡ ಉಪಕಾರ ಅಂದ್ರೆ ಪಂಚಗಂಗಾ ಮಂಗಳೂರು ಸ್ಟೇಷನ್ ಒಳಗೆ ಹೋಗಲ್ಲ, ಊರ ಹೊರಗಿನ ಪಡೀಲಲ್ಲೇ ತಿರುಗಿ ಸುರತ್ಕಲ್ ಕಡೆ ಹೊರಡುತ್ತೆ, ಇಂಜಿನ್ ಬಿಚ್ಚಿ ಈ ಕಡೆಯಿಂದ ಆ ಕಡೆಗೆ ಹಾಕೋ ಕೆಲ್ಸ ಇಲ್ಲ. ಹಳೇ ಟ್ರೈನಲ್ಲಿ ಅರ್ಧ ರಾತ್ರಿ ಮಂಗಳೂರಲ್ಲಿ ನಿಂತು ನಿಂತು ಸಾಕಾದೋರಿಗೆ ಇದರ ಬೆಲೆ ಗೊತ್ತು. ಹೆಸರಂತೂ ನಮ್ಮೂರಿಂದೇ, ಕುಂದಾಪುರದ ಹತ್ರ ಐದು ನದಿ ಸೇರೋ ಪಂಚಗಂಗಾವಳಿ. ಬೋರ್ಡಲ್ಲಿ ಆ ಹೆಸರು ಓದುವಾಗ ಇವತ್ತಿಗೂ ಖುಷಿ ಆಗುತ್ತೆ.

ಇನ್ನು ಬರ್ತ್. ಹಳೇ ನೀಲಿ ಬೋಗಿಲಿ 72, ಹೊಸ ಎಲ್‌ಎಚ್‌ಬಿ ಬೋಗಿಲಿ 80, ಆದ್ರೆ ಲೆಕ್ಕ ಒಂದೇ, ನಿಮ್ಮ ನಂಬರನ್ನ ಎಂಟರಿಂದ ಭಾಗಿಸಿ, ಉಳಿದಿದ್ದು 1 ಅಥವಾ 4 ಆದ್ರೆ ಲೋವರ್, 2, 5 ಮಿಡಲ್, 3, 6 ಅಪ್ಪರ್, 7 ಸೈಡ್ ಲೋವರ್, ಪೂರ್ತಿ ಭಾಗ ಹೋದ್ರೆ ಸೈಡ್ ಅಪ್ಪರ್. ಬರೀ ನಿದ್ದೆ ಬೇಕು ಅನ್ನೋರು ಅಪ್ಪರ್ ತಗೊಳಿ, ಯಾರೂ ಎಬ್ಬಿಸಲ್ಲ. ನಾನು ಯಾವಾಗ್ಲೂ ಕೇಳೋದು ಸೈಡ್ ಲೋವರ್, ಎರಡು ಸೀಟು ಕೂಡೋ ಜಾಗ ಸೊಂಟಕ್ಕೆ ಒತ್ತುತ್ತೆ ನಿಜ, ಒಂದು ಪಂಚೆ ನಾಲ್ಕು ಮಡಿಕೆ ಮಾಡಿ ಅಲ್ಲಿ ಹಾಕಿದ್ರೆ ಆಯ್ತು. ಆದ್ರೆ ಆರ್‌ಎಸಿ, ಅಂದ್ರೆ ಪೂರ್ತಿ ಬರ್ತ್ ಖಾತ್ರಿ ಇಲ್ಲದ ಟಿಕೆಟ್, ಬಂದ್ರೆ ಅದೇ ಬರ್ತಲ್ಲಿ ಇಬ್ರು ಕೂತು ರಾತ್ರಿ ಕಳೀಬೇಕು, ಅದು ತಲೇಲಿರ್ಲಿ. ಮಿಡಲ್ ಬರ್ತ್ ಎತ್ತೋ ಹೊತ್ತು ರಾತ್ರಿ 10ರಿಂದ ಬೆಳಿಗ್ಗೆ 6, ಅದಕ್ಕೆ ಮುಂಚೆ ಎತ್ತೋದಾದ್ರೆ ಕೆಳಗೆ ಕೂತಿರೋ ಹಿರಿಯರನ್ನ ಒಂದು ಮಾತು ಕೇಳಿ, ಬೇಡ ಅನ್ನೋರು ಕಮ್ಮಿ. ಸ್ಲೀಪರಲ್ಲಿ ಚಾದರ ದಿಂಬು ಕೊಡಲ್ಲ, ಒಂದು ಹೊದಿಕೆ, ಗಾಳಿ ತುಂಬೋ ದಿಂಬು, ಚೈನು ಬೀಗ ಇವು ಮೂರು ನನ್ನ ಬ್ಯಾಗಲ್ಲಿ ಖಾಯಂ.

ಸ್ಲೀಪರೇ ಬೇಕು ಅನ್ನೋಕೆ ಅಸಲಿ ಕಾರಣ ಘಾಟಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಸುಮಾರು 55 ಕಿಲೋಮೀಟರು, 57 ಸುರಂಗ, ಐವತ್ತು ಅಡಿಗೆ ಒಂದಡಿ ಇಳಿಜಾರು, ಟ್ರೈನು ಸೈಕಲ್ ಥರ ಮೆಲ್ಲಗೆ ಹೋಗುತ್ತೆ. ಎಲ್ರೂ ಲೈಟ್ ಆಫ್ ಮಾಡಿ ಮಲಗಿರ್ತಾರೆ, ಕಿಟಕಿ ಶಟರ್ ನಾಲ್ಕು ಬೆರಳಷ್ಟು ಎತ್ತಿಟ್ರೆ ಮೊದಲು ತಂಪು ಗಾಳಿ, ಆಮೇಲೆ ಬ್ರೇಕ್ ಕಾಯ್ದ ವಾಸನೆ, ಸುರಂಗದೊಳಗೆ ಹೊಕ್ಕ ತಕ್ಷಣ ಸದ್ದು ಒಂದೇ ಸಲ ಕಿವಿ ಮುಚ್ಚೋ ಹಾಗೆ ಹತ್ರ ಬರುತ್ತೆ, ಹೊರಗೆ ಬಂದ್ರೆ ಎಲ್ಲೋ ಕೆಳಗೆ ನೀರು ಬೀಳೋ ಶಬ್ದ, ಮಳೆಗಾಲದಲ್ಲಿ ಕಲ್ಲಿಂದ ಜಿನುಗೋ ಹನಿ ಕೈ ಮೇಲೆ ಬೀಳುತ್ತೆ. ಎಸಿ ಬೋಗಿಲಿ ಗಾಜಿನ ಹಿಂದೆ ಇದ್ಯಾವುದೂ ಸಿಗಲ್ಲ. ಬೆಂಗಳೂರಿಗೆ ವಾಪಸ್ ಬರುವಾಗ ಸುಬ್ರಹ್ಮಣ್ಯ ರೋಡಲ್ಲಿ ಏರು ಹತ್ತೋಕೆ ತಳ್ಳೋ ಬ್ಯಾಂಕರ್ ಇಂಜಿನ್ ಹಿಂದಿಂದ ಸೇರಿಸ್ತಿದ್ರು, ಆ ಸಣ್ಣ ತಳ್ಳು ನಿದ್ದೆಗಣ್ಣಲ್ಲೂ ಗೊತ್ತಾಗೋದು.

ಮಳೆಗಾಲದಲ್ಲಿ ಮಾತ್ರ ಹುಷಾರು. 2024ರ ಜುಲೈ ಕೊನೆಗೆ ಇದೇ ಘಾಟಿಲಿ ಎಡಕುಮೇರಿ ಕಡಗರವಳ್ಳಿ ಮಧ್ಯೆ ಗುಡ್ಡ ಜರಿದು ದಿನಗಟ್ಟಲೆ ಟ್ರೈನೇ ಇರ್ಲಿಲ್ಲ. ಕೊಂಕಣ ರೈಲ್ವೆಗೆ ಮಳೆಗಾಲದ ಟೈಮ್‌ಟೇಬಲ್ಲೇ ಬೇರೆ, ಹೊರಡೋ ಮುಂಚೆ ಟೈಮ್ ನೋಡ್ಕೊಳಿ.

ಟಿಕೆಟ್ ಬುಕಿಂಗ್ ಈಗ 60 ದಿನ ಮುಂಚೆ ಓಪನ್ ಆಗುತ್ತೆ, ಮೊದಲು 120 ಇತ್ತು. ಚೌತಿ, ದೀಪಾವಳಿಗೆ ಆ ದಿನ ಬೆಳಿಗ್ಗೆನೇ ಕೂತು ಮಾಡಿ, ಸಂಜೆ ನೋಡೋಣ ಅಂದ್ರೆ ವೇಟಿಂಗ್ ಲಿಸ್ಟೇ. ಸ್ಲೀಪರ್ ತತ್ಕಾಲ್ ಹಿಂದಿನ ದಿನ ಬೆಳಿಗ್ಗೆ 11 ಗಂಟೆಗೆ.

ಸ್ಟೇಷನ್ ವಿಷಯಕ್ಕೆ ಬಂದ್ರೆ ನನಗೆ ನೋವಿರೋದು ಅಲ್ಲೇ. ಹೋದ ವರ್ಷ ಅಮ್ಮನ್ನ ಬೇರೆ ಊರಿಗೆ ಕರ್ಕೊಂಡು ಹೋಗ್ತಿದ್ದಾಗ ಒಂದು ದೊಡ್ಡ ಸ್ಟೇಷನ್ನಲ್ಲಿ ಟ್ರೈನು ಲೇಟು, ಮಂಡಿನೋವು ಅವ್ರಿಗೆ, ಸರಿ ಅಂತ ದುಡ್ಡು ಕೊಟ್ಟು ಕೂರೋ ಲೌಂಜಿಗೆ ಹೋದ್ವಿ. ಸೋಫಾ ಎಲ್ಲಾ ಭರ್ತಿ, ಎರಡು ಚಾರ್ಜಿಂಗ್ ಪಾಯಿಂಟ್ ಸತ್ತಿದ್ವು, ಟ್ರೈನ್ ಇನ್ನೂ ಲೇಟಾದಾಗ ಮತ್ತೆ ಗಂಟೆ ಲೆಕ್ಕದಲ್ಲಿ ದುಡ್ಡು ಕೇಳಿದ್ರು. ಟ್ರೈನು ತಡವಾಗಿದ್ದು ಪ್ರಯಾಣಿಕರ ತಪ್ಪಾ ಹೇಳಿ? ಅಮ್ಮ "ಇದೆಲ್ಲ ಎಂತಕ್ಕೆ ಮಾರಾಯ" ಅಂತ ಎದ್ದು ಹೆಂಗಸರ ಸಾಮಾನ್ಯ ವೇಟಿಂಗ್ ರೂಮಿಗೆ ಹೋಗಿ ಗೋಡೆ ಪಕ್ಕದ ಬೆಂಚಲ್ಲಿ ಕಾಲು ಚಾಚಿ ಮಲಗಿದ್ರು, ಅಲ್ಲಿ ಫ್ಯಾನ್ ಇತ್ತು, ಬಾತ್‌ರೂಮ್ ಕ್ಲೀನ್ ಇತ್ತು, ಟಿಕೆಟ್ ತೋರಿಸಿದ್ರೆ ಸಾಕಾಯ್ತು. ಅವತ್ತಿಂದ ನನ್ನ ಸಲಹೆ ಇಷ್ಟೆ, ಎರಡು ಗಂಟೆ ಒಳಗೆ ಅಂದ್ರೆ ವೇಟಿಂಗ್ ರೂಮ್, ಅರ್ಧ ದಿನ ಕಳೀಬೇಕು ಅಂದ್ರೆ ಐಆರ್‌ಸಿಟಿಸಿಲಿ ಪಿಎನ್‌ಆರ್ ಹಾಕಿ ರಿಟೈರಿಂಗ್ ರೂಮ್ ಬುಕ್ ಮಾಡಿ, ಮಲಗೋಕೆ ಮಂಚನೇ ಸಿಗುತ್ತೆ.

ಇನ್ನೊಂದ್ಸಲ ಒಂದು ಟ್ರೈನಲ್ಲಿ ಟಾಯ್ಲೆಟ್ಟಿಗೆ ನೀರೇ ಇರ್ಲಿಲ್ಲ. ರೈಲ್‌ಮದದ್ ಆ್ಯಪಲ್ಲಿ ಬೋಗಿ ನಂಬರ್ ಹಾಕಿ ಕಂಪ್ಲೇಂಟ್ ಕೊಟ್ಟೆ, ಮುಂದಿನ ದೊಡ್ಡ ಸ್ಟೇಷನ್ನಲ್ಲಿ ಪೈಪ್ ಹಿಡ್ಕೊಂಡು ಬಂದು ತುಂಬಿಸಿದ್ರು. ರೈಲ್ವೆ ಸಹಾಯವಾಣಿ 139ಕ್ಕೂ ಫೋನ್ ಮಾಡ್ಬಹುದು. ಸುಮ್ಮನೆ ಗೊಣಗೋದಕ್ಕಿಂತ ಇದು ಕೆಲ್ಸ ಮಾಡುತ್ತೆ.

ಕುಂದಾಪುರದಲ್ಲಿ ಇಳಿಯೋರಿಗೆ ಒಂದು ಮಾತು, ಸ್ಟೇಷನ್ ಇರೋದು ಪೇಟೇಲಲ್ಲ, ಮೂಡ್ಲಕಟ್ಟೆಲಿ, ಇಳಿಯುವಾಗ ಬೆಳಕು ಹರಿದಿರಲ್ಲ, ಆಟೋದೋರ ನಂಬರ್ ಒಂದು ಇಟ್ಕೊಳಿ. ಅಲಾರಂ ಉಡುಪಿಗೇ ಏಳೋ ಹಾಗೆ ಇಡಿ. ಮುಂದಿನ ತಿಂಗಳು ಅಪ್ಪ ಅಮ್ಮ ಇಬ್ರನ್ನೂ ಬೆಂಗಳೂರಿಗೆ ಕರ್ಕೊಂಡು ಬರ್ತಾ ಇದೀನಿ, 17 ಮತ್ತು 20 ಸಿಕ್ಕಿದೆ, ಎರಡೂ ಲೋವರ್, ಎದುರುಬದುರು.