ಕ್ಯಾನನ್ 50 ಎಂಎಂ ಎಫ್/1.8 ಎಸ್‌ಟಿಎಂ: ಕಿಟ್ ಲೆನ್ಸ್ ಆದಮೇಲೆ ಮೊದಲು ಕೊಳ್ಳಬೇಕಾದ ಲೆನ್ಸ್

ಹೊಸದಾಗಿ ಡಿಎಸ್‌ಎಲ್‌ಆರ್ (ಲೆನ್ಸ್ ಬದಲಾಯಿಸಬಹುದಾದ ಕ್ಯಾಮೆರಾ) ಕೊಂಡವರು "ಮುಂದೇನು ತಗೊಳ್ಳಲಿ?" ಅಂತ ಕೇಳಿದಾಗಲೆಲ್ಲ ನನ್ನ ಉತ್ತರ ಒಂದೇ. ಕ್ಯಾನನ್ ಬಳಸುವವರಾದರೆ ಈ 50 ಎಂಎಂ ಎಫ್/1.8 ಎಸ್‌ಟಿಎಂ ಲೆನ್ಸ್. ಹಲವು ವರ್ಷಗಳಿಂದ ನನ್ನ ಕ್ರಾಪ್ ಸೆನ್ಸರ್ (35 ಎಂಎಂ ಫಿಲ್ಮ್‌ಗಿಂತ ಚಿಕ್ಕ ಸೆನ್ಸರ್) ಕ್ಯಾಮೆರಾಕ್ಕೆ ಹೆಚ್ಚಾಗಿ ಹಾಕಿಟ್ಟಿರುವುದು ಇದನ್ನೇ. ಫೋಟೋ ಚೆನ್ನಾಗಿ ಬರುತ್ತಿಲ್ಲವೆಂದು ಬಾಡಿ ಬದಲಾಯಿಸಲು ಹೊರಟವರಿಗೂ, ಮೊದಲು ಇದನ್ನು ಹಾಕಿ ನೋಡಿ ಅನ್ನುತ್ತೇನೆ.

ಮುಖ್ಯ ಕಾರಣ ಬೆಳಕು. ಕ್ಯಾಮೆರಾ ಜೊತೆ ಬರುವ 18-55 ಎಂಎಂ ಕಿಟ್ ಲೆನ್ಸನ್ನು 50ರ ಹತ್ತಿರಕ್ಕೆ ಜೂಮ್ ಮಾಡಿದರೆ ಅಪರ್ಚರ್ (ಬೆಳಕು ಒಳಬರುವ ರಂಧ್ರ; ಎಫ್ ಸಂಖ್ಯೆ ಚಿಕ್ಕದಾದಷ್ಟೂ ರಂಧ್ರ ದೊಡ್ಡದು) ಸಾಮಾನ್ಯವಾಗಿ ಎಫ್/5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಇದು ಎಫ್/1.8ರ ತನಕ ತೆರೆಯುತ್ತದೆ, ಅಂದರೆ ಒಳಗೆ ಬರುವ ಬೆಳಕು ಒಂಬತ್ತು ಪಟ್ಟಿಗೂ ಹೆಚ್ಚು. ರಾತ್ರಿ ಮನೆಯೊಳಗೆ ಐಎಸ್‌ಒ (ಸೆನ್ಸರ್ ಬೆಳಕಿಗೆ ಸ್ಪಂದಿಸುವ ಮಟ್ಟ) 1600ರಲ್ಲಿ ಕಿಟ್ ಲೆನ್ಸ್ 1/15 ಸೆಕೆಂಡ್ ಶಟರ್ ಸ್ಪೀಡ್ ಕೇಳುವ ಕಡೆ ಇದಕ್ಕೆ ಎಫ್/2ರಲ್ಲಿ 1/125 ಸಾಕು. 1/15ರಲ್ಲಿ ಮಗು ಸುಮ್ಮನೆ ಕತ್ತು ತಿರುಗಿಸಿದರೂ ಮುಖ ಕಲಸಿಹೋಗುತ್ತದೆ. 1/125ರಲ್ಲಿ ನಗು ನಗುವಾಗಿಯೇ ಉಳಿಯುವ ಸಾಧ್ಯತೆ ಬಹಳ ಹೆಚ್ಚು. ಐಎಸ್‌ಒ ಏರಿಸದೆ, ಫ್ಲ್ಯಾಶ್ ಹೊಡೆಯದೆ ಇಷ್ಟು ಸಿಗುತ್ತದೆ.

ಆದರೆ 1.8 ಇದೆಯೆಂದು ಸದಾ ಅಲ್ಲೇ ಇಡಬೇಡಿ. ಕ್ರಾಪ್ ಸೆನ್ಸರಿನಲ್ಲಿ ಒಂದು ಮೀಟರ್ ದೂರದಿಂದ ಎಫ್/1.8ರಲ್ಲಿ ತೆಗೆದರೆ ಸ್ಪಷ್ಟವಾಗಿ ಕಾಣುವ ಆಳ ಸುಮಾರು ಮೂರು ಸೆಂಟಿಮೀಟರ್ ಮಾತ್ರ. ಹತ್ತಿರದ ಕಣ್ಣು ಸರಿಯಾಗಿದ್ದರೆ ಕಿವಿ ಆಗಲೇ ಮಸುಕು. ಎಷ್ಟೋ ಜನ "ಲೆನ್ಸ್ ಶಾರ್ಪ್ ಇಲ್ಲ" ಎಂದು ದೂರುವುದರ ಮೂಲ ಇಲ್ಲಿದೆ. ಕ್ಯಾಮೆರಾ ತಾನೇ ಆರಿಸಿಕೊಳ್ಳುವ ಎಲ್ಲ ಫೋಕಸ್ ಪಾಯಿಂಟ್‌ಗಳನ್ನು ಬಿಟ್ಟು ಒಂದೇ ಪಾಯಿಂಟ್ ಇಟ್ಟುಕೊಳ್ಳಿ, ಅದನ್ನು ಹತ್ತಿರದ ಕಣ್ಣಿನ ಮೇಲೆ ಕೂರಿಸಿ. ಮಧ್ಯದ ಪಾಯಿಂಟಿನಲ್ಲಿ ಫೋಕಸ್ ಹಿಡಿದು ಆಮೇಲೆ ಚೌಕಟ್ಟು ಸರಿಸುವ ಅಭ್ಯಾಸ ಇಷ್ಟು ತೆಳುವಾದ ಆಳದಲ್ಲಿ ಕೈಕೊಡುತ್ತದೆ. ಒಬ್ಬರ ಮುಖಕ್ಕೆ ನಾನು ಎಫ್/2.2ರಿಂದ 2.8, ಇಬ್ಬರು ಮೂವರಿದ್ದರೆ ಎಫ್/4 ಇಡುತ್ತೇನೆ. ಸ್ವಲ್ಪ ಮುಚ್ಚಿದರೆ ಅಂಚುಗಳೂ ತಿದ್ದಿಕೊಳ್ಳುತ್ತವೆ. ಆಕಾಶದ ಎದುರು ಎಲೆ ಕೊಂಬೆಗಳ ಅಂಚಿನಲ್ಲಿ ಪೂರ್ತಿ ತೆರೆದಾಗ ಕಾಣುವ ನೇರಳೆ ಗೆರೆಯೂ ಕಡಿಮೆಯಾಗುತ್ತದೆ.

ಲೆನ್ಸಿನಲ್ಲಿ ಇಮೇಜ್ ಸ್ಟೆಬಿಲೈಸೇಶನ್ (ಕೈ ಅಲುಗಾಟ ಸರಿದೂಗಿಸುವ ವ್ಯವಸ್ಥೆ) ಇಲ್ಲ, ಇದು ನೆನಪಿರಲಿ. ಕ್ಯಾನನ್ ಕ್ರಾಪ್ ಸೆನ್ಸರಿನ ಲೆಕ್ಕಕ್ಕೆ 50ನ್ನು 1.6ರಿಂದ ಗುಣಿಸಿದರೆ 80 ಎಂಎಂನಷ್ಟು ನೋಟ, ಹಾಗಾಗಿ ಕೈಯಲ್ಲಿ ಹಿಡಿದು ತೆಗೆಯುವಾಗ 1/100ಕ್ಕಿಂತ ಕೆಳಗಿಳಿಯದಿರುವುದು ಕ್ಷೇಮ. ಓಡಾಡುವ ಮಕ್ಕಳಿಗೆ 1/250 ಅಥವಾ ಹೆಚ್ಚು. ಕಲಿಯುವವರು ಎವಿ ಮೋಡಿನಲ್ಲಿ (ಅಪರ್ಚರ್ ನಾವು ಆರಿಸಿ ಶಟರ್ ಸ್ಪೀಡ್ ಕ್ಯಾಮೆರಾಕ್ಕೆ ಬಿಡುವುದು) ಶುರುಮಾಡಿ, ಅಪರ್ಚರ್ ಬದಲಾದಂತೆ ಶಟರ್ ಸ್ಪೀಡ್ ಹೇಗೆ ಏರಿಳಿಯುತ್ತದೆ ಎಂದು ಗಮನಿಸಲಿ. ಕಿಟ್ ಲೆನ್ಸಿನಲ್ಲಿ ಈ ವ್ಯತ್ಯಾಸ ಇಷ್ಟು ಢಾಳಾಗಿ ಕಣ್ಣಿಗೆ ಬೀಳುವುದೇ ಇಲ್ಲ. ಮನೆಯೊಳಗೆ ನನಗೆ ಹೆಚ್ಚು ಒಗ್ಗಿದ್ದು ಎಂ (ಮ್ಯಾನುಯಲ್) ಮೋಡಿನಲ್ಲಿ ಎಫ್/2.2, 1/250 ಇಟ್ಟು ಐಎಸ್‌ಒ ಮಾತ್ರ ಆಟೋಗೆ ಬಿಡುವುದು. ಫೋಟೋ ಸ್ವಲ್ಪ ಕಾಳುಕಾಳಾಗಿ ಬಂದರೆ ಬರಲಿ, ಅಲುಗಿದ ಮುಖವನ್ನು ಆಮೇಲೆ ಸರಿಮಾಡುವುದು ಕಷ್ಟ. ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದ ಮೂಲ ಫೈಲ್) ಉಳಿಸಿಕೊಂಡರೆ ಬಲ್ಬಿನ ಹಳದಿಯನ್ನೂ ಸುಲಭವಾಗಿ ತಿದ್ದಬಹುದು.

ಹೊರಗೆ ಸಮಸ್ಯೆ ತಿರುಗುಮುರುಗು. ನೆತ್ತಿಯ ಬಿಸಿಲಿಗೆ ಐಎಸ್‌ಒ 100ರಲ್ಲಿ ಎಫ್/16 ಇದ್ದರೆ 1/100 ಸಾಕೆಂಬ ಹಳೆಯ ಲೆಕ್ಕದಿಂದ ನೋಡಿದರೆ, ಎಫ್/1.8ಕ್ಕೆ 1/8000 ಬೇಕು. ಆರಂಭಿಕರ ಬಹುತೇಕ ಕ್ಯಾಮೆರಾಗಳು 1/4000ಕ್ಕೇ ನಿಲ್ಲುತ್ತವೆ, ಫೋಟೋ ಬೆಳ್ಳಗಾಗುತ್ತದೆ. ಎಫ್/2.8ಕ್ಕೆ ಬನ್ನಿ, ಇಲ್ಲವೇ ಆ ವ್ಯಕ್ತಿಯನ್ನು ಮರದ ನೆರಳಿಗೆ ಕರೆದುಕೊಳ್ಳಿ. ಎರಡನೆಯದರಲ್ಲಿ ಮುಖದ ಮೇಲಿನ ಬೆಳಕೂ ಮೆದುವಾಗಿರುತ್ತದೆ.

2015ರಲ್ಲಿ ಬಂದ ಈ ಲೆನ್ಸಿನ ಮೌಂಟ್ (ಕ್ಯಾಮೆರಾಕ್ಕೆ ಕೂರುವ ಭಾಗ) ಲೋಹದ್ದು, ತೂಕ ಸುಮಾರು 160 ಗ್ರಾಂ. ಇದಕ್ಕೂ ಮುಂಚಿನ 1990ರ ಮಾದರಿಯ ಮೌಂಟ್ ಪ್ಲಾಸ್ಟಿಕ್, ಅಪರ್ಚರ್ ಎಲೆಗಳು (ರಂಧ್ರವನ್ನು ಕಿರಿದಾಗಿಸುವ ಪಟ್ಟಿಗಳು) ಐದು. ಇದರಲ್ಲಿ ಏಳು ಇರುವುದರಿಂದ ಹಿನ್ನೆಲೆಯ ದೀಪಗಳು ದುಂಡಗೆ ಕಾಣುತ್ತವೆ. 35 ಸೆಂಟಿಮೀಟರ್‌ವರೆಗೆ ಹತ್ತಿರ ಹೋಗಬಹುದು. ಮ್ಯಾನುಯಲ್ ಫೋಕಸ್ ರಿಂಗ್ ಮೋಟಾರಿನ ಮೂಲಕವೇ ಕೆಲಸ ಮಾಡುವುದರಿಂದ ಕ್ಯಾಮೆರಾ ಆಫ್ ಇದ್ದಾಗ ತಿರುಗಿಸಿ ಪ್ರಯೋಜನವಿಲ್ಲ. ಫೋಕಸ್ ಮಾಡುವಾಗ ಮುಂಭಾಗ ಹೊರಚಾಚುತ್ತದೆ, ಅದಕ್ಕೆ ಪೆಟ್ಟು ಬೀಳದಂತೆ ಹುಡ್ (ಲೆನ್ಸಿನ ಮುಂದೆ ಹಾಕುವ ಅಂಚುಕಟ್ಟು) ಹಾಕಿಡಿ. ಹುಡ್ ಕೂರುವುದು ಹೊರಗಿನ ಕೊಳವೆಗೆ, ಹಾಗಾಗಿ ತಾಗಿದ ಹೊಡೆತ ಒಳಗಿನ ಚಲಿಸುವ ಭಾಗಕ್ಕೆ ನೇರವಾಗಿ ಹೋಗುವುದಿಲ್ಲ. ಅಗ್ಗದ ಯುವಿ ಫಿಲ್ಟರ್‌ಗೆ ಹಾಕುವ ಹಣವನ್ನು ಹುಡ್‌ಗೂ ಧೂಳು ಊದುವ ಬ್ಲೋವರ್‌ಗೂ ಹಾಕಿ.

ಒಂದೇ ಲೆನ್ಸಿನಲ್ಲಿ ಎಲ್ಲ ಆಗಬೇಕೆನ್ನುವವರಿಗೆ ಇದು ಹೊಂದುವುದಿಲ್ಲ. ಕ್ರಾಪ್ ಸೆನ್ಸರಿನಲ್ಲಿ ಸಣ್ಣ ಕೋಣೆಯೊಳಗೆ ಇಡೀ ಕುಟುಂಬವನ್ನು ಹಿಡಿಸಲು ಹಿಂದೆ ಸರಿಯುತ್ತಾ ಬೆನ್ನು ಗೋಡೆಗೆ ತಾಗುತ್ತದೆ. ಅಂಥ ಫೋಟೋಗಳೇ ಹೆಚ್ಚೆಂದರೆ ಕ್ಯಾನನ್‌ನದೇ 24 ಎಂಎಂ ಎಫ್/2.8 ಎಸ್‌ಟಿಎಂ ನೋಡಿ. ಕ್ಯಾನನ್ ಆರ್ ಸರಣಿಯ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ) ಕ್ಯಾಮೆರಾ ಇರುವವರು ಅಡಾಪ್ಟರ್ ಹಾಕಿ ಇದನ್ನೇ ಬಳಸಬಹುದು, ಹೊಸದಾಗಿ ಕೊಳ್ಳುವುದಾದರೆ ಆ ಸರಣಿಗೆಂದೇ 2020ರಲ್ಲಿ ಬಂದ ಆರ್‌ಎಫ್ ಆವೃತ್ತಿಯೇ ಸರಿ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಕ್ಯಾಮೆರಾಕ್ಕೆ ಹಾಕಿ, ಹತ್ತಿರದಿಂದ ದೂರಕ್ಕೆ ಫೋಕಸ್ ತಡೆಯಿಲ್ಲದೆ ಓಡುತ್ತದೆಯೇ, ಎಫ್/8 ಇಟ್ಟು ಪ್ರಿವ್ಯೂ ಗುಂಡಿ (ಫೋಟೋ ತೆಗೆಯುವ ಮೊದಲೇ ಅಪರ್ಚರ್ ಮುಚ್ಚಿ ತೋರಿಸುವುದು) ಒತ್ತಿದಾಗ ಏಳೂ ಎಲೆಗಳು ಸಮನಾಗಿ ಮುಚ್ಚಿಕೊಳ್ಳುತ್ತವೆಯೇ ಎಂದು ನೋಡಿಕೊಂಡೇ ಹಣ ಕೊಡಿ.