ಫೋರ್ತ್‌ನಲ್ಲಿ ತಾತ್ಕಾಲಿಕವಾಗಿ ಬೇಸ್ ಬದಲಿಸುವ ವಿಧಾನಗಳು: ಒಂದು ಹೋಲಿಕೆ

ಧಾರವಾಡದ ಸಪ್ತಾಪುರದಲ್ಲಿ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಫೋರ್ತ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಒಂದು ಆವೃತ್ತಿಯಾದ ಜಿಫೋರ್ತ್ ಹೇಳಿಕೊಡುವಾಗ, ಮೆಮೊರಿ ವಿಳಾಸವನ್ನು ಹದಿನಾರರ ಪದ್ಧತಿಯಾದ ಹೆಕ್ಸ್‌ನಲ್ಲಿಯೂ ಎಣಿಕೆಯನ್ನು ದಶಮಾನದಲ್ಲಿಯೂ ಒಂದೇ ಸಾಲಿನಲ್ಲಿ ತೋರಿಸಬೇಕಾದ ಸಂದರ್ಭ ಮೇಲಿಂದ ಮೇಲೆ ಬರುತ್ತದೆ. ಸಂಖ್ಯೆಯನ್ನು ಓದುವುದಕ್ಕೂ ಮುದ್ರಿಸುವುದಕ್ಕೂ ಫೋರ್ತ್ ಸಂಖ್ಯಾಪದ್ಧತಿಯ ಆಧಾರವನ್ನು (ಹತ್ತು, ಹದಿನಾರು ಇತ್ಯಾದಿ) ಇಟ್ಟುಕೊಂಡಿರುವ ‘ಬೇಸ್’ ಎಂಬ ಒಂದೇ ವೇರಿಯಬಲ್ಲನ್ನು ನೋಡುವುದರಿಂದ, ಅದನ್ನು ಬದಲಿಸಿ ಮೊದಲಿನಂತೆ ಮಾಡುವ ವಿಧಾನಗಳನ್ನು ಒಂದೊಂದಾಗಿ ಬಳಸಿ ನೋಡಿದ್ದೇನೆ.

‘ಹೆಕ್ಸ್’ ಎಂದು ಆರಂಭಿಸಿ ‘ಡೆಸಿಮಲ್’ ಎಂದು ಮುಗಿಸುವುದು ಎಲ್ಲಕ್ಕಿಂತ ಸುಲಭ. ಆದರೆ ಅದಕ್ಕೂ ಮೊದಲು ಬೈನರಿ ನಡೆಯುತ್ತಿದ್ದರೆ, ಅದನ್ನು ಲೆಕ್ಕಿಸದೆ ದಶಮಾನಕ್ಕೇ ತಂದು ನಿಲ್ಲಿಸುತ್ತದೆ. ‘ಡೆಸಿಮಲ್’ ಬದಲು ‘10 ಬೇಸ್ !’ (‘!’ ಎಂದರೆ ಬೆಲೆಯನ್ನು ವೇರಿಯಬಲ್ಲಿನಲ್ಲಿ ಇಡು) ಎಂದು ಬರೆದರೆ ಏನೂ ಆಗುವುದಿಲ್ಲ, ಏಕೆಂದರೆ ಹೆಕ್ಸ್‌ನಲ್ಲಿ 10 ಎಂಬುದೇ ಹದಿನಾರು.

ಹಳೆಯ ಬೇಸನ್ನು, ಬೆಲೆಗಳನ್ನು ಒಂದರ ಮೇಲೊಂದು ಪೇರಿಸಿಡುವ ಡೇಟಾ ಸ್ಟ್ಯಾಕ್‌ನಲ್ಲಿ ಉಳಿಸುವ ‘ಬೇಸ್ @ ಸ್ವಾಪ್ ಹೆಕ್ಸ್ ಯು. ಬೇಸ್ !’ ಎಂಬ ಸಾಲು (‘@’ ಬೆಲೆಯನ್ನು ಓದುತ್ತದೆ, ‘ಸ್ವಾಪ್’ ಮೇಲಿನ ಎರಡನ್ನು ಅದಲುಬದಲು ಮಾಡುತ್ತದೆ, ‘ಯು.’ ಮುದ್ರಿಸುತ್ತದೆ) ಒಂದು ಸಂಖ್ಯೆಯ ಮುದ್ರಣಕ್ಕೆ ಸಾಕು: ಸ್ಟ್ಯಾಕ್‌ನಲ್ಲಿ 4096 ಇದ್ದರೆ 1000 ಎಂದು ಮುದ್ರಿಸಿ ಹಿಂದಿನ ಬೇಸಿಗೆ ಮರಳುತ್ತದೆ. ಎರಡು ಮೂರು ಸಂಖ್ಯೆಗಳಿದ್ದರೆ ಮಾತ್ರ ಉಳಿಸಿದ ಬೇಸು ಕೈಗೆ ಅಡ್ಡ ಬರುತ್ತದೆ. ಅದನ್ನು ‘>ಆರ್’ ಮೂಲಕ, ಲೂಪಿನ ಎಣಿಕೆಯೂ ಇರುವ ಇನ್ನೊಂದು ಸ್ಟ್ಯಾಕ್ ಆದ ರಿಟರ್ನ್ ಸ್ಟ್ಯಾಕ್‌ಗೆ ಕಳಿಸಿದರೆ ಡೇಟಾ ಸ್ಟ್ಯಾಕ್ ಹಗುರವಾಗುತ್ತದೆಯಾದರೂ, ‘ಡು’ ಲೂಪಿನೊಳಗೆ ಹೀಗೆ ಮಾಡಿ, ಲೂಪಿನ ಎಣಿಕೆ ಕೊಡುವ ‘ಐ’ ಕೇಳಿದರೆ ಸರಿಯಾದ ಎಣಿಕೆ ಸಿಗುವುದಿಲ್ಲ.

ಸಂಖ್ಯೆ ಓದುವ ವಿಷಯವೇ ಬೇರೆ. ಹೊಸ ಪದದ (ಆದೇಶದ) ವ್ಯಾಖ್ಯೆಯೊಳಗೆ ಬರೆದ ‘ಹೆಕ್ಸ್’ ಕಂಪೈಲ್ ಆಗುತ್ತದೆಯೇ ಹೊರತು ಆ ಕ್ಷಣದಲ್ಲಿ ನಡೆಯುವುದಿಲ್ಲ. ಆದ್ದರಿಂದ ಅದರ ಮುಂದಿನ 40 ಎಂಬುದು ದಶಮಾನದ ನಲವತ್ತಾಗಿಯೇ ಒಳಗೆ ಸೇರುತ್ತದೆ. ವಿದ್ಯಾರ್ಥಿಗಳು ಹೆಚ್ಚು ತಡವರಿಸುವುದು ಇಲ್ಲಿಯೇ. ಕಂಪೈಲ್ ಆಗದೆ ಆಗಲೇ ನಡೆಯುವಂತೆ ಚೌಕ ಆವರಣದಲ್ಲಿ ‘[ ಹೆಕ್ಸ್ ]’ ಎಂದು ಬರೆಯಬಹುದು, ಆದರೆ ಫೋರ್ತ್ 2012 ಮಾನಕದಲ್ಲಿರುವ ಪೂರ್ವಚಿಹ್ನೆಗಳೇ ನನಗೆ ಮೆಚ್ಚುಗೆ: $40 ಎಂದರೆ ಅರವತ್ನಾಲ್ಕು, %101 ಎಂದರೆ ಐದು, #40 ಎಂದರೆ ನಲವತ್ತು. ಬೇಸನ್ನು ಮುಟ್ಟುವ ಅಗತ್ಯವೇ ಇಲ್ಲ.

ಮುದ್ರಣಕ್ಕೆ ಜಿಫೋರ್ತ್‌ನ ‘ಬೇಸ್-ಎಕ್ಸಿಕ್ಯೂಟ್’ ನನ್ನ ಮೊದಲ ಆಯ್ಕೆ. ‘4096 ' ಯು. #16 ಬೇಸ್-ಎಕ್ಸಿಕ್ಯೂಟ್’ ಎಂದರೆ (‘'’ ಮುಂದಿನ ಪದವನ್ನು ನಡೆಸದೆ ಅದರ ಗುರುತನ್ನು ಕೊಡುತ್ತದೆ) ಅಷ್ಟೇ ಕೆಲಸ ಹೆಕ್ಸ್‌ನಲ್ಲಿ ನಡೆದು, ನಡುವೆ ದೋಷ ಸಾರುವ ‘ಥ್ರೋ’ ಬಂದರೂ ಹಳೆಯ ಬೇಸು ಮರಳುತ್ತದೆ. ಮೇಲಿನ ಎರಡು ಸ್ಟ್ಯಾಕ್ ವಿಧಾನಗಳಲ್ಲಿ ಆ ಭರವಸೆಯಿಲ್ಲ. ಈ ಪದವಿಲ್ಲದ ಫೋರ್ತ್‌ಗಳಲ್ಲಿ ‘ಬೇಸ್ @ >ಆರ್ ಹೆಕ್ಸ್ ಕ್ಯಾಚ್ ಆರ್> ಬೇಸ್ ! ಥ್ರೋ’ ಎಂಬ ಸಾಲನ್ನು (‘ಕ್ಯಾಚ್’ ದೋಷವನ್ನು ಹಿಡಿಯುತ್ತದೆ) ಒಂದು ವ್ಯಾಖ್ಯೆಯೊಳಗೆ ಇಟ್ಟುಕೊಂಡರೆ ಅದೇ ರಕ್ಷಣೆ ದೊರೆಯುತ್ತದೆ.